ನೆಲಕ್ಕೆ ಬಿದ್ದ ಹಣ್ಣು, ತಾರಸಿಗೆ ಬಿದ್ದ ಬಿಸಿಲು

ಶ್ರವಣಬೆಳಗೊಳದ ಜೈನ ಮಠದ ಗೋಡೆಗಳನ್ನು ಅಲಂಕರಿಸಿರುವ ವರ್ಣಚಿತ್ರಗಳಲ್ಲಿ ಒಂದು ಮರ ಹಾಗೂ ಆರು ಮಂದಿಯ ಚಿತ್ರವಿದೆ. ಜೀವದ ಭಾವಗಳ ಬಣ್ಣವನ್ನು ತಿಳಿಸುವ ಷಡ್‌ಲೇಶ್ಯೆಗಳ ಚಿತ್ರವದು. ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿಯೂ ಈ ದೃಷ್ಟಾಂತ ಬರುತ್ತದೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಪಥಿಕರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಮರವನ್ನು ಬುಡಸಹಿತ ಕಿತ್ತು ಹಣ್ಣು ತಿನ್ನಬೇಕೆಂದು ಒಬ್ಬ ಯೋಚಿಸುತ್ತಾನೆ. ಕಾಂಡವನ್ನು ಕಡಿದರೆ ಸಾಕೆಂದು ಎರಡನೆಯವನು, ಕೊಂಬೆ ಸಾಕೆಂದು ಮೂರನೆಯವನು, ರೆಂಬೆ ಸಾಕೆಂದು ನಾಲ್ಕನೆಯವನು, ಹಣ್ಣನ್ನಷ್ಟೇ ಕೀಳೋಣವೆಂದು ಐದನೆಯವನು ಎಣಿಸುತ್ತಾರೆ. ಆರನೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣುಗಳನ್ನು ಆಯ್ದುಕೊಳ್ಳಲು ಬಯಸುತ್ತಾನೆ. ಮೊದಲನೆಯವನದು ಕೃಷ್ಣಲೇಶ್ಯೆ, ಕೊನೆಯವನದು ಶುಕ್ಲಲೇಶ್ಯೆ.

ಆರು ಮಂದಿಯ ಹಸಿವೂ ಒಂದೇ, ಮರವೂ ಒಂದೇ. ಅಗತ್ಯವನ್ನು ಪೂರೈಸಿಕೊಳ್ಳುವಾಗ ಎಷ್ಟು ನೋವನ್ನು ಉಂಟುಮಾಡಲು ಮನಸ್ಸು ಒಪ್ಪುತ್ತದೆ ಎಂಬುದರಲ್ಲಿ ಮಾತ್ರ ಅಂತರವಿದೆ. ಇಂದಿನ ನಗರದ ಬಹುಮಹಡಿ ವಸತಿ ಸಮುಚ್ಚಯಗಳ ಮುಂದೆಯೂ ಇದೇ ಪ್ರಶ್ನೆ ನಿಂತಿದೆ. ಲಿಫ್ಟ್ ಚಲಿಸಬೇಕು, ಪಂಪು ನೀರನ್ನು ಮೇಲಕ್ಕೆತ್ತಬೇಕು, ಮೆಟ್ಟಿಲುಗಳಲ್ಲಿ ಬೆಳಕಿರಬೇಕು. ಈ ಅಗತ್ಯವನ್ನು ಯಾವ ಪಥಿಕನಂತೆ ಪೂರೈಸಿಕೊಳ್ಳಬೇಕು?

ಗುಂಡಿ ಒತ್ತಿದೊಡನೆ ಬೆಳಗುವ ದೀಪದಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಆದುದರಿಂದ ಅಲ್ಲಿ ಹಿಂಸೆಯೂ ಇಲ್ಲವೆಂದು ಮನಸ್ಸು ನಂಬುತ್ತದೆ. ಆದರೆ ಆ ಬೆಳಕಿನ ಮೂಲ ದೂರದಲ್ಲಿದೆ. ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಡದಲ್ಲಿರುವ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರಕ್ಕೆ ಹೊರ ರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ಇಂತಹ ಕೇಂದ್ರಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿಗಾಗಿ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಉರಿಯುತ್ತದೆ. ಅದರಲ್ಲಿ ಸುಮಾರು ಮೂರನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ರಾಜ್ಯದ ವಿದ್ಯುತ್ತಿನಲ್ಲಿ ನೀರು, ಗಾಳಿ, ಬಿಸಿಲುಗಳ ಪಾಲು ದೊಡ್ಡದೇ ಆಗಿದ್ದರೂ ಕಲ್ಲಿದ್ದಲಿನ ಅವಲಂಬನೆ ತಪ್ಪಿಲ್ಲ. ನೆಲವನ್ನು ಅಗೆದು, ನೀರನ್ನು ಕಾಯಿಸಿ, ಬೆಂಕಿಯನ್ನು ಉರಿಸಿ, ಗಾಳಿಯನ್ನು ಕೆಡಿಸಿ, ಗಣಿಯ ಮೇಲಿನ ಕಾಡನ್ನು ಕಡಿದು ಬರುವ ಬೆಳಕು ಅದು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಐದು ಬಗೆಯ ಸ್ಥಾವರ ಜೀವಗಳಿಗೂ, ಅವುಗಳನ್ನು ಆಶ್ರಯಿಸಿದ ತ್ರಸಜೀವಗಳಿಗೂ ಅದರಿಂದ ಬಾಧೆ ತಪ್ಪದು.

ದೂರದಲ್ಲಿ ನಡೆಯುವುದರಿಂದ ಅದರ ಹೊಣೆ ದೂರವಾಗುವುದೇ? ಜೈನಾಚಾರ್ಯರು ಹಿಂಸೆಯನ್ನು ವಿವೇಚಿಸುವಾಗ ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ತೋರಿಸಿದ್ದಾರೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಒಪ್ಪುವುದು ಎಂಬ ಮೂರರಲ್ಲಿಯೂ ಕರ್ಮಾಸ್ರವಕ್ಕೆ ಅವಕಾಶವಿದೆ. ಶ್ರಾವಕನು ತೊರೆಯಬೇಕಾದ ಹದಿನೈದು ಬಗೆಯ ಜೀವನೋಪಾಯಗಳಲ್ಲಿ ಅಂಗಾರಕರ್ಮ, ಅಂದರೆ ಇದ್ದಿಲು ಸುಡುವಂತಹ ಕಸುಬು, ಮೊದಲು ಬರುತ್ತದೆ. ಅದನ್ನು ತಾನು ಮಾಡದ ಗೃಹಸ್ಥನೂ ತನಗಾಗಿ ಎಲ್ಲೋ ಉರಿಯುವ ಬೆಂಕಿಯ ಬಗ್ಗೆ ಯೋಚಿಸಬೇಕಾಗುತ್ತದೆ. ಸಂಸಾರಿಗೆ ಆರಂಭೀ ಹಿಂಸೆಯನ್ನು ಪೂರ್ಣವಾಗಿ ಬಿಡುವುದು ಅಸಾಧ್ಯ. ಇದನ್ನು ಆಚಾರ್ಯರೂ ಬಲ್ಲರು. ಆದರೂ ಏಕೇಂದ್ರಿಯ ಜೀವಗಳ ಬಾಧೆ ಅನಿವಾರ್ಯವಾದಷ್ಟಕ್ಕೆ ಮಾತ್ರ ಸೀಮಿತವಾಗಿರಬೇಕೆಂದು ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎಚ್ಚರಿಸಿದ್ದಾರೆ. ಕಡಿಮೆ ಮಾಡಲು ದಾರಿಯಿದೆಯೆಂದು ಅರಿತ ಮೇಲೂ ಕಡಿಮೆ ಮಾಡದಿರುವುದು ಪ್ರಮಾದ. ಪ್ರಮಾದವೇ ಹಿಂಸೆಯ ಬೇರು.

ಆ ದಾರಿ ಈಗ ಕಟ್ಟಡದ ನೆತ್ತಿಯ ಮೇಲೆಯೇ ಇದೆ. ಸೌರಫಲಕಗಳ ಒಂದು ಕಿಲೋವಾಟ್ ಸಾಮರ್ಥ್ಯಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಸ್ಥಳ ಬೇಕು. ಮೋಡ, ಮಳೆಯ ದಿನಗಳನ್ನೂ ಸೇರಿಸಿದರೆ ಅದು ಸರಾಸರಿ ದಿನಕ್ಕೆ 4 ಯೂನಿಟ್‌ಗಳಷ್ಟು ವಿದ್ಯುತ್ತನ್ನು ಕೊಡುತ್ತದೆ. 2,000 ಚದರ ಅಡಿಯಲ್ಲಿ 20 ಕಿಲೋವಾಟ್ ಅಳವಡಿಸಿದರೆ ವರ್ಷಕ್ಕೆ ಸುಮಾರು 28,000 ಯೂನಿಟ್ ದೊರೆಯುತ್ತದೆ. ಅಷ್ಟನ್ನು ಕಲ್ಲಿದ್ದಲಿನಿಂದ ಪಡೆಯಬೇಕಾದರೆ 14 ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ಸುಡಬೇಕು. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತು ನೆಟ್ ಮೀಟರ್ ಮೂಲಕ ಜಾಲಕ್ಕೆ ಸೇರಿ ಲೆಕ್ಕದಲ್ಲಿ ಜಮೆಯಾಗುವುದರಿಂದ ಬ್ಯಾಟರಿಯ ಅಗತ್ಯವೂ ಬೀಳುವುದಿಲ್ಲ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯು ನಿವಾಸಿಗಳ ಸಂಘಗಳ ಸಾಮಾನ್ಯ ಸೌಲಭ್ಯಗಳಿಗಾಗಿ ಪ್ರತಿ ಕಿಲೋವಾಟ್‌ಗೆ 18,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದೆ.

ಹೀಗಿದ್ದೂ ಅನೇಕ ಕಟ್ಟಡಗಳ ತಾರಸಿ ಬರಿದಾಗಿಯೇ ಇದೆ. ಹಣವಾಗಲಿ ತಂತ್ರಜ್ಞಾನವಾಗಲಿ ಅದಕ್ಕೆ ಮುಖ್ಯ ಕಾರಣವಲ್ಲ. ‘ಇದು ನನ್ನದು’ ಎಂಬ ಭಾವವೇ ಕಾರಣ. ನಿವಾಸಿಗಳ ಸಭೆಯಲ್ಲಿ ಈ ಮಾತು ಎದ್ದೊಡನೆ, ತಾರಸಿಯ ಮೇಲೆ ತಮಗೆ ಹೆಚ್ಚಿನ ಹಕ್ಕಿದೆಯೆಂದು ಮೇಲಂತಸ್ತಿನವರು ಹೇಳುತ್ತಾರೆ. ಲಿಫ್ಟನ್ನೇ ಬಳಸದ ತಾವೇಕೆ ಹಣ ಕೊಡಬೇಕೆಂದು ನೆಲಅಂತಸ್ತಿನವರು ಕೇಳುತ್ತಾರೆ. ಹಪ್ಪಳ ಸಂಡಿಗೆ ಒಣಗಿಸುವುದೆಲ್ಲಿ ಎಂಬ ಚಿಂತೆ ಒಬ್ಬರದಾದರೆ, ಸೂರು ಸೋರೀತೆಂಬ ಭಯ ಇನ್ನೊಬ್ಬರದು. ಫಲ ಕಾಣುವ ಹೊತ್ತಿಗೆ ತಾವಿರುತ್ತೇವೆಯೇ ಎಂಬ ಶಂಕೆ ವೃದ್ಧರದು. ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮತ್ವ, ಎಂದು ‘ತತ್ತ್ವಾರ್ಥಸೂತ್ರ’ ಹೇಳುತ್ತದೆ. ಎಲ್ಲರಿಗೂ ಸೇರಿದ ತಾರಸಿಯ ಮೇಲೂ ಈ ಮಮತ್ವ ಬೆಳೆಯಬಲ್ಲುದು.

ಇಲ್ಲಿಯೇ ಅನೇಕಾಂತದ ಪರೀಕ್ಷೆ. ಈ ಮಾತುಗಳಲ್ಲಿ ಯಾವುದೂ ಪೂರ್ಣ ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಒಂದೊಂದೂ ಒಂದೊಂದು ನಯ. ಸೋರುವ ಭಯ ನಿಜವಾದುದರಿಂದ ಮೊದಲು ತಾರಸಿಯನ್ನು ದುರಸ್ತಿಗೊಳಿಸಿ ಆಮೇಲೆ ಕಂಬಗಳನ್ನು ನಿಲ್ಲಿಸಬೇಕು. ಒಣಗಿಸಲು ಸ್ಥಳ ಬೇಕಾದುದರಿಂದ ಒಂದು ಮೂಲೆಯನ್ನು ಅದಕ್ಕೆಂದೇ ಬಿಡಬೇಕು; ಆಳೆತ್ತರಕ್ಕಿಂತ ಮೇಲೆ ಚೌಕಟ್ಟು ಕಟ್ಟಿದರೆ ಕೆಳಗಿನ ಜಾಗವೂ ಬಳಕೆಗೆ ಉಳಿಯುತ್ತದೆ. ಪಂಪು, ಸಾಮಾನ್ಯ ದೀಪಗಳ ಖರ್ಚಿನ ಉಳಿತಾಯವು ನಿರ್ವಹಣಾ ಶುಲ್ಕದಲ್ಲಿ ಕಾಣಿಸುವಂತಾದರೆ ನೆಲಅಂತಸ್ತಿನವರಿಗೂ ನ್ಯಾಯ ದೊರೆಯುತ್ತದೆ. ಬಹುಮತದಿಂದ ಒಬ್ಬರನ್ನು ಸೋಲಿಸಿ ಪಡೆದ ನಿರ್ಣಯಕ್ಕಿಂತ, ಎಲ್ಲರ ನಯವನ್ನೂ ಕೇಳಿ ಪಡೆದ ಸಮ್ಮತಿ ಅಹಿಂಸೆಗೆ ಹತ್ತಿರವಾದುದು. ಜೀವಗಳ ಉಪಕಾರ ಪರಸ್ಪರವಾದುದೆಂಬ ಉಮಾಸ್ವಾಮಿಗಳ ಬೋಧನೆ ಒಂದೇ ಸೂರಿನಡಿ ಬಾಳುವವರಿಗೆ ಇನ್ನಷ್ಟು ಅನ್ವಯಿಸುತ್ತದೆ.

ಫಲಕಗಳೂ ಹಿಂಸೆಯಿಂದ ಪೂರ್ಣ ಮುಕ್ತವಲ್ಲ. ಅವುಗಳ ಗಾಜು, ಅಲ್ಯೂಮಿನಿಯಂ, ಸಿಲಿಕಾನ್‌ಗಳೂ ಭೂಮಿಯಿಂದಲೇ ಬಂದವು. ಆದುದರಿಂದ ಅವುಗಳ ಬಳಕೆಯಲ್ಲಿ ಯತ್ನಾಚಾರ ಬೇಕು. ಮುನಿಗಳು ಪಿಂಛಿಯಿಂದ ಮೃದುವಾಗಿ ಸವರಿ ವಸ್ತುವನ್ನು ಎತ್ತಿ ಇರಿಸುವ ಆದಾನ ನಿಕ್ಷೇಪಣ ಸಮಿತಿಯ ಭಾವವನ್ನು ಶ್ರಾವಕರು ಇಲ್ಲಿಯೂ ತಾಳಬಹುದು. ಫಲಕಗಳ ಅಡಿಯಲ್ಲಿ ಪಾರಿವಾಳಗಳು ಗೂಡು ಕಟ್ಟುವುದುಂಟು. ಮೊಟ್ಟೆ ಮರಿಗಳಿರುವ ಗೂಡನ್ನು ಕಿತ್ತೆಸೆಯುವ ಪ್ರಸಂಗ ಬಾರದಂತೆ ಅಂಚುಗಳಿಗೆ ಆರಂಭದಲ್ಲಿಯೇ ಜಾಲರಿ ಹಾಕಿಸುವುದು ಲೇಸು. ಧೂಳನ್ನು ಮೊದಲು ಮೆತ್ತನೆಯ ಕುಂಚದಿಂದ ಸರಿಸಿ, ಸೋಸಿದ ನೀರನ್ನು ಮಿತವಾಗಿ ಬಳಸಿದರೆ ಸಾಕು. ಆಯುಷ್ಯ ಮುಗಿದ ಫಲಕಗಳನ್ನು ಕಂಡಲ್ಲಿ ಎಸೆಯಬಾರದು. 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೌರಫಲಕಗಳೂ ಸೇರಿವೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮನಸ್ಸಿನಲ್ಲಿದೆ. ಬಿಲ್ಲು ಇಳಿದೊಡನೆ ದೀಪಗಳು ಸುಮ್ಮನೆ ಉರಿಯತೊಡಗುತ್ತವೆ, ಇನ್ನೊಂದು ಏಸಿ ಬರುತ್ತದೆ. ಬಿಸಿಲು ಪುಕ್ಕಟೆಯೆಂಬ ನೆವದಲ್ಲಿ ಆಸೆ ಬೆಳೆಯುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂಬ ಅನರ್ಥದಂಡವಾಗಿ ಎಣಿಸಿದ್ದಾರೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಪಂಖೆಯನ್ನು ಸೌರವಿದ್ಯುತ್ತು ತಿರುಗಿಸಿದರೂ ಅದು ಅನರ್ಥವೇ. ಆದುದರಿಂದ ಫಲಕಕ್ಕಿಂತ ಮೊದಲು ಬರಬೇಕಾದುದು ಭೋಗೋಪಭೋಗ ಪರಿಮಾಣ ವ್ರತ. ಮನೆಯವರು ಕೂಡಿ ಕುಳಿತು ತಿಂಗಳಿಗೆ ಇಷ್ಟೇ ಯೂನಿಟ್ ಎಂದು ಮಿತಿಯನ್ನು ಗೊತ್ತುಮಾಡಿಕೊಂಡರೆ, ವಿದ್ಯುತ್ತಿನ ಬಿಲ್ಲೇ ಆ ವ್ರತದ ಲೆಕ್ಕವನ್ನು ತಿಂಗಳು ತಿಂಗಳೂ ಒಪ್ಪಿಸುತ್ತದೆ.

ಈ ಮಿತಿಗೆ ಬೇಕಾದ ದಿನಚರಿಯನ್ನು ಹಿರಿಯರು ಎಂದೋ ರೂಢಿಸಿಕೊಂಡಿದ್ದರು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ರಾತ್ರಿಭೋಜನ ತ್ಯಾಗವು ಸೂಕ್ಷ್ಮಜೀವಿಗಳ ಮೇಲಿನ ಕರುಣೆಯಿಂದ ಹುಟ್ಟಿತು. ನಗರಗಳಲ್ಲಿ ವಿದ್ಯುತ್ತಿನ ಬೇಡಿಕೆ ಏರುವ ಸಂಜೆಯ ಹೊತ್ತಿಗೆ, ಸೌರಫಲಕಗಳು ಸುಮ್ಮನಾಗುವ ಆ ವೇಳೆಗೆ, ಅಂತಹ ಮನೆಯ ಅಡುಗೆಯ ಕೆಲಸವೆಲ್ಲ ಮುಗಿದಿರುತ್ತದೆ. ನೀರೆತ್ತುವುದು, ಬಟ್ಟೆ ಒಗೆಯುವುದು, ಹಿಟ್ಟು ರುಬ್ಬುವುದು ಇವುಗಳನ್ನೂ ಬಿಸಿಲಿನ ಹೊತ್ತಿಗೆ ತಂದುಕೊಂಡರೆ ಬದುಕು ಮತ್ತೆ ಸೂರ್ಯನ ನಡಿಗೆಯೊಡನೆ ಹೆಜ್ಜೆ ಹಾಕುತ್ತದೆ.

ಮತ್ತೆ ಆ ಮರದ ಬಳಿಗೆ ಬರೋಣ. ಗಣಿಯನ್ನು ಅಗೆದು ಕಲ್ಲಿದ್ದಲನ್ನು ಸುಡುವುದು ಮರವನ್ನು ಬುಡಸಹಿತ ಕೀಳುವುದಕ್ಕೆ ಸಮಾನ. ತಾರಸಿಗೆ ತಾನಾಗಿ ಬಿದ್ದ ಬಿಸಿಲು ನೆಲಕ್ಕೆ ಬಿದ್ದ ಹಣ್ಣಿನಂತಹುದು. ಆದರೆ ಆರನೆಯ ಪಥಿಕನು ಬಿದ್ದ ಹಣ್ಣನ್ನು ಕಂಡ ಮಾತ್ರಕ್ಕೆ ಶುಕ್ಲಲೇಶ್ಯೆಯವನಾಗಲಿಲ್ಲ. ಹಸಿವಿಗೆ ಬೇಕಾದಷ್ಟೇ ಸಾಕೆಂಬ ತೃಪ್ತಿ ಅವನಲ್ಲಿತ್ತು. ಬಿಸಿಲನ್ನು ತಾರಸಿಯ ಮೇಲೆ ಪಡೆಯಬಹುದು. ಆ ತೃಪ್ತಿಯನ್ನು ಮನೆಯೊಳಗೆ ಪ್ರತಿಯೊಬ್ಬರೂ ತಾವೇ ಬೆಳೆಸಿಕೊಳ್ಳಬೇಕು.