ಪ್ರಚಾರದ ಹಣವೂ ತೋಟದ ಹಿರಿಯ ಕೆಲಸಗಾರರೂ

ಕಳೆದ ಅಡಿಕೆ ಸುಲಿತದ ಕಾಲದ ಮಾತು. ರಾತ್ರಿ ಹತ್ತಾದರೂ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿಗಳ ಸದ್ದು ನಿಂತಿರಲಿಲ್ಲ. ಕುಳಿತಿದ್ದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಅರುವತ್ತು ದಾಟಿದವರು. ಸುಲಿದದ್ದನ್ನು ಡಬ್ಬದಲ್ಲಿ ಅಳೆಯುತ್ತಿದ್ದಾಗ, ಮೂವತ್ತು ವರ್ಷಗಳಿಂದ ನಮ್ಮಲ್ಲಿಗೆ ಬರುತ್ತಿರುವ ಅಜ್ಜಿಯೊಬ್ಬಳು ಕೇಳಿದಳು:

"ಅಯ್ಯ, ಬಸ್‌ಸ್ಟ್ಯಾಂಡಿನ ಹತ್ರ ದೊಡ್ಡ ಬೋರ್ಡು ಹಾಕಿದಾರಲ್ಲ, ಬಡವರಿಗೆ ಏನೇನೋ ಕೊಡ್ತಾರಂತೆ. ಅದ್ರಲ್ಲಿ ನಂಗೇನಾದ್ರೂ ಉಂಟಾ?"

"ನಿಂಗೆ ಪಿಂಚಣಿ ಬರ್ತಿಲ್ವಾ ಅಜ್ಜಿ?" ಎಂದೆ.

"ಯಾರು ಕೊಡ್ತಾರೆ ಅಯ್ಯ?" ಎಂದಳು.

ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ಆಕೆಗೆ ಪಿಂಚಣಿ ಬರುತ್ತಿದೆಯೆಂದೇ ನಾನು ತಿಳಿದಿದ್ದೆ. ಮೂವತ್ತು ವರ್ಷ ಡಬ್ಬದ ಲೆಕ್ಕ ಬರೆದವನು ಈ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಆ ರಾತ್ರಿಯಿಂದ ನಾನು ತಿಳಿದುಕೊಂಡದ್ದನ್ನು ಬೆಳೆಗಾರ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೋರ್ಡಿಗೆ ಹೋದ ಪಿಂಚಣಿ ಹಣ

ಬಡ ವೃದ್ಧರಿಗೆ ಕೇಂದ್ರ ಸರ್ಕಾರದ ನೆರವು ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ಕೇಂದ್ರದ ಪಾಲು ತಿಂಗಳಿಗೆ ರೂ. 75. ಮುಂದೆ ಅದು ರೂ. 200 ಆಯಿತು. 2011ರಲ್ಲಿ ವಯೋಮಿತಿಯನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ ರೂ. 500 ಎಂದು ಗೊತ್ತುಪಡಿಸಲಾಯಿತು. ಉಳಿದವರ ಪಾಲಿಗೆ ಅದೇ ಇನ್ನೂರು ರೂಪಾಯಿ ಉಳಿಯಿತು. ಅದಕ್ಕೆ ಮೇಲಿನದನ್ನು ರಾಜ್ಯ ಸರ್ಕಾರಗಳು ತಮ್ಮ ಶಕ್ತ್ಯಾನುಸಾರ ಸೇರಿಸಿ ಕೊಡುತ್ತವೆ.

ಈ ನೆರವಿನ ಲೆಕ್ಕವನ್ನು ಮಹಾಲೇಖಪಾಲರು, ಅಂದರೆ ಪತ್ರಿಕೆಗಳಲ್ಲಿ ಸಿ.ಎ.ಜಿ. ಎಂದು ಬರುವ ಸರ್ಕಾರಿ ಲೆಕ್ಕದ ತಪಾಸಕರು, ಪರಿಶೀಲಿಸಿ 2023ರಲ್ಲಿ ಸಂಸತ್ತಿಗೆ ವರದಿ ಒಪ್ಪಿಸಿದರು. ಅದರಲ್ಲಿರುವ ಒಂದು ಸಂಗತಿ ನಮ್ಮ ಗಮನಕ್ಕೆ ಯೋಗ್ಯವಾದದ್ದು. ಗ್ರಾಮೀಣಾಭಿವೃದ್ಧಿ ಸಚಿವಾಲಯವು 2017ರಲ್ಲಿ ತನ್ನ ಯೋಜನೆಗಳ ಪ್ರಚಾರಕ್ಕೆ ಬೋರ್ಡು ಹಾಕಿಸಲು ಹೊರಟಿತು. ಅದಕ್ಕೆ ಹಣ ತೆಗೆದದ್ದು ಈ ಪಿಂಚಣಿ ಕಾರ್ಯಕ್ರಮದ ಗಂಟಿನಿಂದ. ರಾಜಧಾನಿ ನಗರಗಳ ಬೋರ್ಡುಗಳಿಗೆ ರೂ. 39.15 ಲಕ್ಷ, 19 ರಾಜ್ಯಗಳ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಜಿಲ್ಲೆಗಳಲ್ಲಿ ತಲಾ ಐದು ಬೋರ್ಡುಗಳಿಗೆ ರೂ. 2.44 ಕೋಟಿ, ಒಟ್ಟು ರೂ. 2.83 ಕೋಟಿ. ಜಿಲ್ಲೆಗಳ ಬೋರ್ಡಿನ ಕೆಲಸದ ಆದೇಶದಲ್ಲಿ ಇದ್ದದ್ದು ಮನೆ ಕಟ್ಟುವ ಯೋಜನೆ ಮತ್ತು ಯುವಕರಿಗೆ ಕಸುಬು ಕಲಿಸುವ ಯೋಜನೆ. ಪಿಂಚಣಿಯ ಹೆಸರೇ ಇರಲಿಲ್ಲ. ಹೀಗಾಗಿ ಅರ್ಹ ವೃದ್ಧರಿಗೆ ತಿಳುವಳಿಕೆ ಕೊಡುವ ಕೆಲಸ ಉದ್ದೇಶಿಸಿದಂತೆ ನಡೆಯಲಿಲ್ಲವೆಂದು ಲೆಕ್ಕ ತಪಾಸಕರು ಬರೆದರು.

ನಾವು ಕೂಡಿ ಕಳೆಯುವ ಜನ. ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ರೂ. 200ರಂತೆ ವರ್ಷಕ್ಕೆ ಒಬ್ಬರಿಗೆ ರೂ. 2,400. ಆ 2.83 ಕೋಟಿಯಲ್ಲಿ ಸುಮಾರು 11,790 ವೃದ್ಧರಿಗೆ ಒಂದು ವರ್ಷದ ಕೇಂದ್ರದ ಪಾಲು ಸಿಗುತ್ತಿತ್ತು. ಇಡೀ ದೇಶದ ಆಯವ್ಯಯದಲ್ಲಿ ಇದು ದೊಡ್ಡ ಮೊತ್ತವಲ್ಲ, ಒಪ್ಪೋಣ. ಆದರೆ ತಪ್ಪಿಹೋದದ್ದು ಹಣ ಮಾತ್ರವಲ್ಲ. "ಅಜ್ಜಿ, ಇದು ನಿನಗೆ ಉಂಟು" ಎಂದು ಹೇಳಬೇಕಾದ ಮಾತೂ ತಪ್ಪಿಹೋಯಿತು.

ಬೇರೆ ಯೋಜನೆಗಳಲ್ಲೂ ಇಂಥ ಮಾತು ಎದ್ದದ್ದುಂಟು. ಹೆಣ್ಣುಮಕ್ಕಳ ರಕ್ಷಣೆ, ಶಿಕ್ಷಣಕ್ಕೆಂದು ಆರಂಭವಾದ ಬೇಟಿ ಬಚಾವೋ ಬೇಟಿ ಪಢಾವೋ ಯೋಜನೆಯಲ್ಲಿ 2016ರಿಂದ 2019ರವರೆಗೆ ಬಿಡುಗಡೆಯಾದ ರೂ. 446.72 ಕೋಟಿಯಲ್ಲಿ ಶೇಕಡಾ 78.91 ಭಾಗ ಪ್ರಚಾರಕ್ಕೇ ವೆಚ್ಚವಾಯಿತೆಂದು ಸಂಸತ್ತಿನ ಮಹಿಳಾ ಸಬಲೀಕರಣ ಸಮಿತಿ 2021ರಲ್ಲಿ ವರದಿ ಮಾಡಿತು. ಸರ್ಕಾರಿ ಜಾಹೀರಾತು ಹೇಗಿರಬೇಕೆಂದು ಸುಪ್ರೀಂ ಕೋರ್ಟು 2015ರ ಮೇ 13ರಂದೇ ನಿಯಮ ಹೇಳಿತ್ತು. ಅದು ಸರ್ಕಾರದ ಹೊಣೆಗೆ ಸಂಬಂಧಿಸಿರಬೇಕು, ಪಕ್ಷದ ಹಿತಕ್ಕೆ ಬಳಕೆಯಾಗಬಾರದು, ಖರ್ಚಿಗೆ ತಕ್ಕ ಪ್ರಯೋಜನ ಇರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು.

ಪ್ರಚಾರ ಬೇಡವೇ?

ಹಾಗೆಂದು ಪ್ರಚಾರವೇ ಬೇಡವೆನ್ನುವುದು ಸರಿಯಲ್ಲ. ಭಾರತದ ವಯೋವೃದ್ಧರ ಬಗ್ಗೆ ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ದೊಡ್ಡ ಸಮೀಕ್ಷೆಯೊಂದನ್ನು ನಡೆಸಿತು. ಅರುವತ್ತು ದಾಟಿದವರಲ್ಲಿ ವೃದ್ಧಾಪ್ಯ ಪಿಂಚಣಿಯ ಬಗ್ಗೆ ತಿಳಿದಿದ್ದವರು ನೂರಕ್ಕೆ 55 ಮಂದಿ ಮಾತ್ರ. ವಿಧವಾ ಪಿಂಚಣಿಯ ವಿಷಯ ತಿಳಿದಿದ್ದವರು ನೂರಕ್ಕೆ 44. ಅದೇ ಸಮೀಕ್ಷೆಯ ಪ್ರಕಾರ ಅರುವತ್ತು ದಾಟಿದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಇನ್ನೂ ದುಡಿಯುತ್ತಿದ್ದರು. ಅಂದರೆ ದುಡಿಯುವ ಮುದುಕರೂ ಇದ್ದಾರೆ, ಅವರಿಗೆಂದು ಹಣವೂ ಇದೆ, ಎರಡಕ್ಕೂ ನಡುವೆ ಸುದ್ದಿ ಇಲ್ಲ.

ನಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಹಿಂದೆ ಕ್ಷೇತ್ರ ಪ್ರಚಾರದವರ ಜೀಪು ಊರಿಗೆ ಬರುತ್ತಿತ್ತು. ಶಾಲೆಯ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಅದೂ ಸರ್ಕಾರದ ಪ್ರಚಾರವೇ. ಆದರೆ ಜೀಪಿನಲ್ಲಿ ಬಂದವರನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳಬಹುದಿತ್ತು. ಆ ವಿಭಾಗವನ್ನೂ, ಗೀತ-ನಾಟಕ ವಿಭಾಗವನ್ನೂ, ಜಾಹೀರಾತಿನ ವಿಭಾಗವನ್ನೂ 2017ರಲ್ಲಿ ಒಂದೇ ಕಚೇರಿಯಾಗಿ ಸೇರಿಸಲಾಯಿತು. ಓದು ಬಾರದ ಅಜ್ಜಿ ಬೋರ್ಡನ್ನು ಏನು ಕೇಳಿಯಾಳು?

ಬೋರ್ಡಿನಿಂದ ತಪ್ಪು ಆಸೆಯೂ ಹುಟ್ಟುತ್ತದೆ. 2015ರ ಅಟಲ್ ಪಿಂಚಣಿ, 2019ರ ಶ್ರಮಯೋಗಿ ಮಾನ್‌ಧನ್, ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಶ್ರಮಯೋಗಿಯಲ್ಲಿ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟುತ್ತಾ ಬಂದವರಿಗೆ 60ರ ನಂತರ ರೂ. 3,000 ಎಂಬುದು ನಿಯಮ. ನಮ್ಮ ಎಳೆಯ ಕೆಲಸಗಾರರಿಗೆ ಇವು ಒಳ್ಳೆಯವೇ. ಆದರೆ ಅರುವತ್ತು ದಾಟಿದವರಿಗೆ ಇವುಗಳಲ್ಲಿ ಜಾಗವಿಲ್ಲ. ಅವರಿಗೆ ಇರುವುದು ಬೇರೆ ಎಂದು ಬಿಡಿಸಿ ಹೇಳುವವರು ಬೇಕು.

ನಮ್ಮ ತೋಟಗಳ ಸ್ಥಿತಿ

ದೊಡ್ಡ ಎಸ್ಟೇಟುಗಳ ಮಾತು ಬೇರೆ. 1951ರ ತೋಟ ಕಾರ್ಮಿಕ ಕಾಯಿದೆ 1981ರ ತಿದ್ದುಪಡಿಯ ಬಳಿಕವೂ 5 ಹೆಕ್ಟೇರು ಮತ್ತು 15 ಕೆಲಸಗಾರರು ಎಂಬ ಮಿತಿ ಇಟ್ಟುಕೊಂಡಿತ್ತು. ಅದರಲ್ಲಿ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರು, ಸಿಂಕೋನಾ, ಏಲಕ್ಕಿ. ಅಡಿಕೆಯ ಹೆಸರಿರಲಿಲ್ಲ. ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇಟ್ಟುಕೊಂಡ ನಮ್ಮಂಥವರಲ್ಲಿ ಒಂದು ವಾರ ನಿಮ್ಮ ಮನೆ, ಒಂದು ವಾರ ನಮ್ಮ ಮನೆ ಎಂದು ದುಡಿದವರಿಗೆ ಭವಿಷ್ಯನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ. ಅವರ ಪಾಲಿಗೆ ಸರ್ಕಾರದ ಪಿಂಚಣಿಯೊಂದೇ ಆಧಾರ.

ನಮ್ಮ ರಾಜ್ಯದಲ್ಲಿ 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾಯಿತು. ಆಗ ರೂ. 400 ಇದ್ದದ್ದು 2021ರಲ್ಲಿ ರೂ. 1,200ಕ್ಕೆ ಏರಿತು. ಆದಾಯದ ಮಿತಿಯೊಳಗಿನ ಕೃಷಿ ಕಾರ್ಮಿಕರಿಗೂ, ಸಣ್ಣ ಮತ್ತು ಅತಿಸಣ್ಣ ರೈತರಿಗೂ ಇದು ಅನ್ವಯಿಸುತ್ತದೆ. ನಮ್ಮ ಸದಸ್ಯರಲ್ಲೇ ಕೆಲವರು ಅರ್ಹರಿರಬಹುದು. ಸಂಕೋಚ ಬೇಡ.

"ಪಿಂಚಣಿ ಕೊಡಿಸಿದರೆ ನಾಳೆ ಸುಲಿತಕ್ಕೆ ಯಾರು ಬರುತ್ತಾರೆ?" ಎಂದು ಒಬ್ಬ ಮಿತ್ರರು ನನ್ನನ್ನೇ ಕೇಳಿದರು. ರೂ. 1,200 ಅಂದರೆ ದಿನಕ್ಕೆ 40 ರೂಪಾಯಿ. ನಲವತ್ತು ರೂಪಾಯಿ ನಂಬಿ ಯಾರೂ ಕೆಲಸ ಬಿಡುವುದಿಲ್ಲ. ಆದರೆ ಜ್ವರ ಬಂದ ದಿನ ಮನೆಯಲ್ಲಿ ಮಲಗುವ ಧೈರ್ಯ ಬರುತ್ತದೆ. ಮಳೆಯಲ್ಲಿ ಗೊಬ್ಬರದ ಬುಟ್ಟಿ ಹೊರಲಾರೆ, ನರ್ಸರಿ ಚೀಲಕ್ಕೆ ಮಣ್ಣು ತುಂಬುತ್ತೇನೆ ಎಂದು ಹೇಳುವ ಧೈರ್ಯವೂ ಬರುತ್ತದೆ. ಬಿದ್ದ ಕಾಫಿ ಹಣ್ಣು ಹೆಕ್ಕುವುದು, ಅಡಿಕೆ ಆರಿಸುವುದು, ಸುಲಿಯುವುದು, ಇವು ಹಿರಿಯರ ಕೈಯಲ್ಲಿ ಇಂದಿಗೂ ಚೊಕ್ಕವಾಗಿ ನಡೆಯುತ್ತವೆ. ಔಷಧಿ ಹೊಡೆಯಲು, ಕೊನೆ ತೆಗೆಯಲು, ನೆನೆದ ಮೂಟೆ ಹೊರಲು ಅವರನ್ನು ಕರೆಯಬಾರದು.

ಅಜ್ಜಿಯ ಕೆಲಸ ಆದ ಬಗೆ

ಅಜ್ಜಿಗೆ ಲೆಕ್ಕದಲ್ಲಿ 66 ವರ್ಷ. ಆಧಾರ್ ಕಾರ್ಡಿನಲ್ಲಿ 58. ಕಾರ್ಡು ಮಾಡಿಸಿದ ದಿನ ಯಾರೋ ಅಂದಾಜಿನಲ್ಲಿ ಜನವರಿ ಒಂದು ಎಂದು ಬರೆಸಿದ್ದರು. ಮೊದಲ ಸಲ ಹೋದಾಗ ಕಚೇರಿಯಲ್ಲಿ ಕಂಪ್ಯೂಟರು ಕೆಟ್ಟಿತ್ತು. ಎರಡನೆಯ ಸಲ ವಯಸ್ಸು ಸಾಲದೆಂದು ಹಿಂದಕ್ಕೆ ಕಳಿಸಿದರು. ಒಂದೊಂದು ಸಲಕ್ಕೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟ. ಒಬ್ಬಳೇ ಹೋಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದಳು.

ಮಾತಿಗೆ ಮಾತು ಬಂದು, ಚಿಕ್ಕಂದಿನಲ್ಲಿ ಎರಡು ವರ್ಷ ಶಾಲೆಗೆ ಹೋಗಿದ್ದೆನೆಂದಳು. ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕ ತೆಗೆಸಿದರು. ಗೆದ್ದಲು ಹಿಡಿದ ಪುಟದಲ್ಲಿ ಆಕೆಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಇತ್ತು. ಅದರ ನಕಲಿನಿಂದ ಆಧಾರ್ ತಿದ್ದಿಸಿ, ಬ್ಯಾಂಕಿನ ಖಾತೆಗೆ ಜೋಡಿಸಿ, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟದ್ದಾಯಿತು. ಮೂರು ತಿಂಗಳಿಗೆ ಮಂಜೂರಾಯಿತು. ಹೋದ ವರ್ಷದ ಹಣ ಮಾತ್ರ ಹೋದಂತೆಯೇ. ಅದರಲ್ಲಿ ನನ್ನ ಅಜಾಗ್ರತೆಯ ಪಾಲೂ ಇದೆ.

ಆದ್ದರಿಂದ ಬೆಳೆಗಾರ ಬಾಂಧವರಲ್ಲಿ ನನ್ನ ವಿನಂತಿ ಇಷ್ಟು. ಕೂಲಿ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮಲ್ಲಿಗೆ ಬರುವ ಅರುವತ್ತು ದಾಟಿದವರ ಹೆಸರು ಬರೆಯಿರಿ. ಪಿಂಚಣಿ ಬರುತ್ತಿದೆಯೇ, ಆಧಾರಿನಲ್ಲಿ ವಯಸ್ಸು ಸರಿಯಿದೆಯೇ, ಪಡಿತರ ಚೀಟಿ ಇದೆಯೇ, ಬ್ಯಾಂಕಿನ ಖಾತೆ ನಡೆಯುತ್ತಿದೆಯೇ, ಈ ನಾಲ್ಕನ್ನು ಕೇಳಿರಿ. ಕಚೇರಿಗೆ ಹೋಗುವ ದಿನ ಓದು ಬಲ್ಲ ಒಬ್ಬರನ್ನು ಜೊತೆಗೆ ಕಳಿಸಿರಿ, ಆ ದಿನದ ಕೂಲಿ ಹಿಡಿಯಬೇಡಿರಿ. ನಮ್ಮ ಸಂಘದ ಖರೀದಿ ಕೇಂದ್ರದಲ್ಲೂ ಇಂಥದೊಂದು ಪುಸ್ತಕ ಇಡುವ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ಎತ್ತಬಹುದು. ಸರ್ಕಾರ ಬೋರ್ಡಿಗೆ ಸುರಿಯುವ ಹಣದ ಲೆಕ್ಕವನ್ನು ಕೇಳುವ ಹಕ್ಕು ನಮಗಿದೆ. ಕೇಳೋಣ. ಅಷ್ಟರಲ್ಲಿ ನಮ್ಮ ಅಂಗಳದ ಪ್ರಶ್ನೆಗೆ ನಾವೇ ಉತ್ತರ ಕೊಡೋಣ.

ಅಜ್ಜಿ ಈ ಸಲವೂ ಸುಲಿತಕ್ಕೆ ಬಂದಿದ್ದಾಳೆ. ರಾತ್ರಿ ಎಂಟಾಗುತ್ತಲೇ ಮೆಟ್ಟುಗತ್ತಿ ಒರೆಸಿಟ್ಟು, "ಸಾಕು ಅಯ್ಯ, ಉಳಿದದ್ದು ನಾಳೆ" ಎಂದು ಏಳುತ್ತಾಳೆ. ಹೋದ ವರ್ಷ ಅವಳು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.