ರಾತ್ರಿ ಏಳುವಾಗ ಒಂದು ನಿಮಿಷ

ಕೇಳುಗರೇ, ತುಂಬಿದ ಲೋಕಲ್ ಟ್ರೇನಿನಲ್ಲಿ ನಿಂತೇ ವರ್ಷಗಟ್ಟಲೆ ಓಡಾಡಿದವರು ನೀವು. ಆದರೆ 60 ದಾಟಿದವರು ಬೀಳುವುದು ಹೆಚ್ಚಾಗಿ ಮನೆಯೊಳಗೇ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ರಾತ್ರಿ ಬಾತ್‌ರೂಮಿಗೆಂದು ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡಬಹುದು. ಬಿಪಿ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ದೀಪ ಹಾಕಿ, ಆಮೇಲೆ ಏಳಿ.

ಸಮತೋಲನಕ್ಕೆ ಕಣ್ಣು, ಒಳಕಿವಿ, ಅಂಗಾಲು ಮೂರೂ ಬೇಕು. ಕತ್ತಲಲ್ಲಿ ಕಣ್ಣು ನೆರವಿಗಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಅದೂ ಇಲ್ಲ. ಕಾಲಿನ ಬಲವನ್ನಂತೂ ಬೆಳೆಸಬಹುದು. ಹಾಲು ಕಾಯುವಷ್ಟರಲ್ಲಿ ಅಡುಗೆ ಕಟ್ಟೆ ಹಿಡಿದು ಒಂದೊಂದೇ ಕಾಲಿನ ಮೇಲೆ ನಿಂತು 10 ಎಣಿಸಿ. (ಹಾಲು ಉಕ್ಕಿದರೆ ನಮ್ಮನ್ನು ಬೈಯಬೇಡಿ!) ಬಾತ್‌ರೂಮಿನ ಗೋಡೆಗೆ ಹಿಡಿಕೆ ಹಾಕಿಸಿ. ಒಮ್ಮೆ ಬಿದ್ದಿದ್ದರೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಮಾತ್ರೆಗಳನ್ನೆಲ್ಲ ಜೊತೆಗೊಯ್ದು ತೋರಿಸಿ.