ನಿಮಗಿದು ಗೊತ್ತೇ? ಚೀಲದಲ್ಲಿ ಹದಿನೈದನೇ ಕ್ಲಬ್!

ಗಾಲ್ಫ್ ಆಟಗಾರನ ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇರುವಂತಿಲ್ಲ. ಕ್ಲಬ್ ಎಂದರೆ ಚೆಂಡು ಹೊಡೆಯುವ ಕೋಲು. ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್‌ನಲ್ಲಿ 1939ರಲ್ಲಿ ಈ ಮಿತಿ ಬಂತು. ಅದಕ್ಕೆ ಮೊದಲು ಲಾಸನ್ ಲಿಟಲ್‌ನಂಥ ಚಾಂಪಿಯನ್ನರು ಇಪ್ಪತ್ತೈದಕ್ಕೂ ಹೆಚ್ಚು ಕ್ಲಬ್ ತುಂಬಿಸಿಕೊಂಡು ಹೊರಡುತ್ತಿದ್ದರು. ಪಾಪ, ಹೊರುವವನು ಕ್ಯಾಡಿ! ಪ್ರತಿ ದೂರಕ್ಕೂ ಒಂದೊಂದು ಕೋಲು ಇಟ್ಟುಕೊಳ್ಳುವ ಬದಲು, ಒಂದೇ ಕೋಲಿನಲ್ಲಿ ನಾಲ್ಕು ಬಗೆಯ ಹೊಡೆತ ಕಲಿಯಬೇಕು ಅನ್ನುವುದನ್ನು ಈ ಮಿತಿ ಕಡ್ಡಾಯ ಮಾಡಿತು. ಗಾಲ್ಫ್ ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಲೆಕ್ಕ ತಪ್ಪಿದರೆ? ತಪ್ಪು ನಡೆದ ಪ್ರತಿ ಕುಳಿಗೆ ಎರಡು ಹೊಡೆತ ದಂಡ, ಒಂದು ಸುತ್ತಿಗೆ ಹೆಚ್ಚೆಂದರೆ ನಾಲ್ಕು. 2001ರ ಬ್ರಿಟಿಷ್ ಓಪನ್, ರಾಯಲ್ ಲಿತಮ್ ಮೈದಾನ, ಕೊನೆಯ ದಿನ. ವೇಲ್ಸ್‌ನ ಇಯಾನ್ ವೂಸ್ನಮ್ ಮೊದಲ ಕುಳಿಯಲ್ಲೇ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಹೊಡೆದು ಮುನ್ನಡೆಯ ಸಾಲಿಗೆ ಬಂದರು. ಎರಡನೇ ಕುಳಿಗೆ ಹೊಡೆಯಲು ನಿಂತಾಗ ಕ್ಯಾಡಿಯ ಮುಖ ಇಳಿದಿತ್ತು. ಬೆಳಿಗ್ಗೆ ಅಭ್ಯಾಸಕ್ಕೆ ತಂದ ಎರಡನೇ ಡ್ರೈವರ್, ಅಂದರೆ ದೂರ ಹೊಡೆಯುವ ಕ್ಲಬ್, ಚೀಲದಲ್ಲೇ ಉಳಿದುಬಿಟ್ಟಿದೆ, ಒಟ್ಟು ಹದಿನೈದು. ವೂಸ್ನಮ್ ಸಿಟ್ಟಿನಲ್ಲಿ ಅದನ್ನು ಕಿತ್ತು ಪಕ್ಕಕ್ಕೆ ಎಸೆದರು. ಆ ಸುತ್ತಿನಲ್ಲಿ ಆ ಕ್ಲಬ್ ಒಂದೇ ಒಂದು ಸಲವೂ ಚೆಂಡನ್ನು ಮುಟ್ಟಿರಲಿಲ್ಲ, ಆದರೂ ಎರಡು ಹೊಡೆತ ಸೇರಿತು. ಅವರು ಮೂರನೇ ಸ್ಥಾನವನ್ನು ಇನ್ನೂ ಹಲವರ ಜೊತೆ ಹಂಚಿಕೊಂಡರು. ಆ ಎರಡು ಹೊಡೆತ ಕಳೆದು ನೋಡಿದರೆ ಎರಡನೇ ಸ್ಥಾನ ಅವರೊಬ್ಬರದೇ.

ಚೆಂಡಿನ ತೂಕ 45.93 ಗ್ರಾಂ ದಾಟುವಂತಿಲ್ಲ, ಅಡ್ಡಳತೆ 42.67 ಮಿ.ಮೀ.ಗಿಂತ ಕಡಿಮೆಯಾಗುವಂತಿಲ್ಲ. ತೂಕಕ್ಕೆ ಮೇಲಿನ ಮಿತಿ, ಗಾತ್ರಕ್ಕೆ ಕೆಳಗಿನ ಮಿತಿ. ಚಿಕ್ಕದೂ ಭಾರವೂ ಆದ ಚೆಂಡು ಗಾಳಿಯನ್ನು ಸೀಳಿಕೊಂಡು ಓಡುತ್ತದೆ, ಅದಕ್ಕೇ ಈ ಕಟ್ಟುಪಾಡು. ಹಗುರವಾದ ದೊಡ್ಡ ಚೆಂಡಿನಲ್ಲಿ ಆಡುತ್ತೇನೆ ಎಂದರೆ ಯಾರ ತಕರಾರೂ ಇಲ್ಲ.

ಬ್ರಿಟನ್‌ನಲ್ಲಿ ಬಹುಕಾಲ 41.15 ಮಿ.ಮೀ. ಚೆಂಡೂ ನಡೆಯುತ್ತಿತ್ತು. ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಅಷ್ಟೇ, ಆದರೆ ಕಡಲ ಗಾಳಿಯಲ್ಲಿ ಅದೇ ದೊಡ್ಡದು. ಓಪನ್‌ನಲ್ಲಿ ದೊಡ್ಡ ಚೆಂಡು 1974ರಲ್ಲಿ ಕಡ್ಡಾಯವಾಯಿತು. ಸಣ್ಣದು ಪೂರ್ತಿ ಮರೆಯಾದದ್ದು 1990ರಲ್ಲಿ.

ಚೆಂಡಿನ ಮೇಲೆ ಎಷ್ಟು ಗುಳಿ ಇರಬೇಕು? ಸಂಖ್ಯೆಗೆ ಮಿತಿಯೇ ಇಲ್ಲ. ಆದರೆ ಚೆಂಡು ಯಾವ ಮಗ್ಗುಲಲ್ಲಿ ಕೂತಿದ್ದರೂ ಒಂದೇ ಥರ ಹಾರಬೇಕು. 1970ರ ದಶಕದಲ್ಲಿ ಪೊಲಾರಾ ಎಂಬ ಚೆಂಡು ಬಂದಿತ್ತು. ಗುಳಿಗಳ ಆಳ ಎಲ್ಲ ಕಡೆ ಒಂದೇ ಇರಲಿಲ್ಲ, ಹಾಗಾಗಿ ಓರೆಯಾಗಿ ಹೋಗಬೇಕಾದ ಹೊಡೆತವೂ ಸುಮಾರಾಗಿ ನೆಟ್ಟಗೆ ಹೋಗುತ್ತಿತ್ತು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಅದನ್ನು ಒಪ್ಪಲಿಲ್ಲ. ವಿಷಯ ಕೋರ್ಟು ಹತ್ತಿತು, ಸಂಸ್ಥೆ ಹಣ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ 1981ರಲ್ಲಿ ತಂದ ಸಮರೂಪದ ನಿಯಮವನ್ನು ಮಾತ್ರ ಬಿಡಲಿಲ್ಲ. ಒಳ್ಳೆಯದೇ ಮಾಡಿತು.

ಒಂದೇ ಕ್ಲಬ್ ಲಂಡನ್‌ನಲ್ಲಿ ಸಕ್ರಮ, ನ್ಯೂಯಾರ್ಕ್‌ನಲ್ಲಿ ಅಕ್ರಮ. ಹೀಗೂ ಆಗಿತ್ತು! ಅಮೆರಿಕ ಮತ್ತು ಮೆಕ್ಸಿಕೊಗೆ ಯುಎಸ್‌ಜಿಎ ನಿಯಮ ಮಾಡುತ್ತದೆ. ನಮ್ಮ ದೇಶವೂ ಸೇರಿ ಉಳಿದ ಜಗತ್ತಿಗೆ ಸೇಂಟ್ ಆಂಡ್ರ್ಯೂಸ್‌ನ ಆರ್ ಆಂಡ್ ಎ. 2000ದ ಹೊತ್ತಿಗೆ ಕ್ಯಾಲವೇ ಕಂಪನಿಯ ಇಆರ್‌ಸಿ ಡ್ರೈವರ್ ಬಗ್ಗೆ ಇವೆರಡಕ್ಕೂ ಒಮ್ಮತ ಇರಲಿಲ್ಲ. ಅದರ ತೆಳು ಮುಖ ಸ್ಪ್ರಿಂಗ್‌ನಂತೆ ಚೆಂಡನ್ನು ಚಿಮ್ಮಿಸುತ್ತದೆ ಎಂಬುದು ಯುಎಸ್‌ಜಿಎ ಆಕ್ಷೇಪ. ಈಗ ಇಬ್ಬರದೂ ಒಂದೇ ಮಿತಿ.

ಆ ಚಿಮ್ಮುವ ಗುಣವನ್ನು ಅಳೆಯುವ ಬಗೆ ಕೇಳಿ. ಸಣ್ಣ ಲೋಲಕವೊಂದು ಡ್ರೈವರ್‌ನ ಮುಖಕ್ಕೆ ಬಡಿಯುತ್ತದೆ. ಎಷ್ಟು ಹೊತ್ತು ಅಂಟಿಕೊಂಡಿತ್ತು ಎಂದು ಯಂತ್ರ ಹೇಳುತ್ತದೆ. ಮಿತಿ 239 ಮೈಕ್ರೋಸೆಕೆಂಡ್, ಅದರ ಮೇಲೆ 18ರ ವಿನಾಯಿತಿ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಸೆಕೆಂಡ್! ಇನ್ನೂ ಬೆರಗಿನ ಸಂಗತಿ: ಹೊಡೆದೂ ಹೊಡೆದೂ ಲೋಹ ಸಡಿಲಾಗಿ, ಅಂಗಡಿಯಲ್ಲಿ ಸಕ್ರಮವಾಗಿದ್ದ ಡ್ರೈವರ್ ಆಡುತ್ತಾ ಆಡುತ್ತಾ ಅಕ್ರಮವಾಗಬಹುದು. 2019ರ ಓಪನ್‌ಗೆ ಮುನ್ನ ಜ್ಯಾಂಡರ್ ಶಾಫ್ಲಿ ಅವರ ಡ್ರೈವರ್ ಪರೀಕ್ಷೆಯಲ್ಲಿ ಬಿದ್ದುಹೋಯಿತು, ಬೇರೆಯದು ಹಿಡಿದು ಆಡಿದರು. ಭಾನುವಾರ ಆಡುವವರ ಡ್ರೈವರನ್ನು ಯಾರೂ ಹೀಗೆ ಪರೀಕ್ಷಿಸುವುದಿಲ್ಲ.

ಡ್ರೈವರ್‌ನ ತಲೆ 460 ಘನ ಸೆಂ.ಮೀ. ಮೀರುವಂತಿಲ್ಲ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ತುಸು ಕಡಿಮೆ.

ಇಡೀ ಡ್ರೈವರ್‌ನ ಉದ್ದ ಹೆಚ್ಚೆಂದರೆ 48 ಇಂಚು. ವೃತ್ತಿಪರ ಟೂರ್ನಿಗಳು ಬೇಕಿದ್ದರೆ 46ಕ್ಕೆ ಇಳಿಸಬಹುದು. 2022ರಿಂದ ಅಮೆರಿಕದ ವೃತ್ತಿಪರ ಸರಣಿ ಪಿಜಿಎ ಟೂರ್ ಇಳಿಸಿದೆ.

ವೆಜ್ ಎಂಬ ಕ್ಲಬ್ಬನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಮುಖದ ಮೇಲೆ ಅಡ್ಡಡ್ಡ ಗೀರು ಕೊರೆದಿರುತ್ತಾರೆ. ಚೆಂಡು ಉದ್ದ ಹುಲ್ಲಿಗೆ ಬಿದ್ದಾಗ, ಹೊಡೆಯುವ ಕ್ಷಣದಲ್ಲಿ ಚೆಂಡಿಗೂ ಲೋಹಕ್ಕೂ ನಡುವೆ ಹಸಿ ಹುಲ್ಲು ಸಿಕ್ಕಿ ಜಜ್ಜಿಹೋಗುತ್ತದೆ. ಅದರ ನೀರಿಗೆ ಚೆಂಡು ಜಾರುತ್ತದೆ, ಗಿರಕಿ ಹೊಡೆಯುವುದಿಲ್ಲ, ಬಿದ್ದಲ್ಲಿ ನಿಲ್ಲದೆ ಉರುಳಿ ಹೋಗುತ್ತದೆ. ಗೀರು ಆಳವಾಗಿದ್ದು ಅಂಚು ಚೂಪಾಗಿದ್ದರೆ, ಮಳೆಯಲ್ಲಿ ಟಯರಿನ ಗೀರು ನೀರನ್ನು ಹೊರದೂಡುವ ಹಾಗೆ ಆ ರಸವನ್ನು ಪಕ್ಕಕ್ಕೆ ಸಾಗಿಸುತ್ತದೆ. ಇದರಿಂದ ವೃತ್ತಿಪರರಿಗೆ ಹುಲ್ಲಿಗೆ ಬಿದ್ದ ಭಯವೇ ಹೋಗಿತ್ತು. ಅದಕ್ಕೆ 2010ರಲ್ಲಿ ಅವರಿಗೆ ಗೀರಿನ ಗಾತ್ರವನ್ನೂ ಅಂಚಿನ ಚೂಪನ್ನೂ ಕಡಿಮೆ ಮಾಡಿದರು. ಹವ್ಯಾಸಿಗಳ ಹಳೆಯ ಕ್ಲಬ್‌ಗಳಿಗೆ ಕನಿಷ್ಠ 2024ರವರೆಗೆ ಮಾಫಿ ಕೊಟ್ಟರು. ಸಾಲ ಮಾಡಿ ಸೆಟ್ ಕೊಂಡವರನ್ನು ನೆನೆದರೆ, ಈ ಕರುಣೆ ನ್ಯಾಯವಾದದ್ದು.

ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್ಬಾದ ಪಟರ್‌ನ ತುದಿಯನ್ನು ಹೊಟ್ಟೆಗೋ ಎದೆಗೋ ಊರಿ ಹೊಡೆಯುವುದು 2016ರ ಜನವರಿ 1ರಿಂದ ನಿಷಿದ್ಧ. ಕೀಗನ್ ಬ್ರ್ಯಾಡ್ಲಿ 2011ರ ಪಿಜಿಎ ಚಾಂಪಿಯನ್‌ಷಿಪ್ ಗೆದ್ದದ್ದು, ಆ್ಯಡಮ್ ಸ್ಕಾಟ್ 2013ರ ಮಾಸ್ಟರ್ಸ್ ಗೆದ್ದದ್ದು ಹಾಗೆ ಊರಿ ಹೊಡೆದೇ. ಉದ್ದನೆಯ ಪಟರ್‌ಗೆ ಇಂದಿಗೂ ಅಡ್ಡಿಯಿಲ್ಲ, ಮೈಗೆ ಊರುವಂತಿಲ್ಲ ಅಷ್ಟೇ. ಬೆನ್ನುನೋವು, ಕೈನಡುಕ ಇರುವ ಹಿರಿಯ ಹವ್ಯಾಸಿಗಳಿಗೆ ಇದು ನಿಜವಾದ ಪೆಟ್ಟು. ಅವರ ಮಟ್ಟಿಗೆ ಬಿಟ್ಟುಬಿಡಬಹುದಿತ್ತು ಎಂದು ನನ್ನ ಮನಸ್ಸು ಹೇಳುತ್ತದೆ.

ದೂರ ಅಳೆಯುವ ಯಂತ್ರ ಬಳಸಬಹುದೇ? 2019ರಿಂದ ಬಳಸಬಹುದು, ಸ್ಥಳೀಯ ನಿಯಮ ತಡೆಯದಿದ್ದರೆ. ಏರು ತಗ್ಗಿನ ಲೆಕ್ಕ ಹೇಳುವ ಗುಂಡಿಯನ್ನು ಮಾತ್ರ ಆರಿಸಿರಬೇಕು.

ಈಗ ದೊಡ್ಡ ಸುದ್ದಿ ಚೆಂಡಿನದೇ. 2023ರ ಮಾರ್ಚ್‌ನಲ್ಲಿ ವೃತ್ತಿಪರರಿಗೆ ಮಾತ್ರ ಕಡಿಮೆ ದೂರ ಹೋಗುವ ಬೇರೆ ಚೆಂಡು ಎಂಬ ಪ್ರಸ್ತಾವ ಬಂದಿತ್ತು, ಪಿಜಿಎ ಟೂರ್ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಂದೇ ಚೆಂಡು ಎಂದು ಯುಎಸ್‌ಜಿಎ, ಆರ್ ಆಂಡ್ ಎ ಪ್ರಕಟಿಸಿದವು: ವೃತ್ತಿಪರರಿಗೆ 2028, ಹವ್ಯಾಸಿಗಳಿಗೆ 2030. ಚೆಂಡನ್ನು ಪರೀಕ್ಷಿಸುವ ಯಂತ್ರದ ಬೀಸು ಗಂಟೆಗೆ 120 ಮೈಲಿಯಿಂದ 125ಕ್ಕೆ ಏರುತ್ತದೆ, ಆದರೆ ಚೆಂಡು ಹೋಗಬಹುದಾದ ದೂರ ಹಳೆಯದೇ: 317 ಗಜ, ಜೊತೆಗೆ 3 ಗಜ ವಿನಾಯಿತಿ. ಅತಿ ದೂರ ಹೊಡೆಯುವವರಿಗೆ 13ರಿಂದ 15 ಗಜ ನಷ್ಟ, ಎಲ್‌ಪಿಜಿಎ ಟೂರ್‌ನ ವೃತ್ತಿಪರ ಮಹಿಳೆಯರಿಗೆ 5ರಿಂದ 7, ನಿಮ್ಮಂಥ ನನ್ನಂಥವರಿಗೆ 5 ಅಥವಾ ಅದಕ್ಕೂ ಕಡಿಮೆ ಎಂದು ಅಂದಾಜು. ಐದು ಗಜ ಎಂದರೆ ಹದಿನೈದು ಅಡಿ! ಅದಕ್ಕಾಗಿ ಗೋಳಾಡುವುದು ಬೇಡ. ಮಹಾ ಆಟಗಾರರು ಮುಟ್ಟುವ ಚೆಂಡನ್ನೇ ನಾವೂ ಮುಟ್ಟುವ ಭಾಗ್ಯ ಉಳಿಯಿತಲ್ಲ.

ಚೆಂಡು ದೂರ ಹೋದಷ್ಟೂ ಮೈದಾನ ಉದ್ದವಾಗಬೇಕು. ಮಾಸ್ಟರ್ಸ್ ನಡೆಯುವ ಅಗಸ್ಟಾದಂಥ ಶ್ರೀಮಂತ ಕ್ಲಬ್ ಪಕ್ಕದ ಜಾಗ ಕೊಂಡು ತನ್ನ 13ನೇ ಕುಳಿಗೆ ಮೊದಲ ಹೊಡೆತ ಹೊಡೆಯುವ ಜಾಗವನ್ನು 2023ರಲ್ಲಿ 35 ಗಜ ಹಿಂದಕ್ಕೆ ಸರಿಸಿತು. 1876ರಲ್ಲಿ ಶುರುವಾದ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹೈಗ್ರೌಂಡ್ಸ್‌ನ ರಸ್ತೆಗಳ ನಡುವೆ ಇದೆ, ಎಲ್ಲಿಗೆ ಸರಿಯಬೇಕು?

ಆದರೆ ದೂರವೇ ಎಲ್ಲವೂ ಅಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್, ತಮಗಿಂತ ಬಹಳ ದೂರ ಹೊಡೆಯುವವರ ನಡುವೆ ನಾಲ್ಕು ದಿನ ಪಟರ್ ಬಲದಲ್ಲಿ ನಿಂತರು. ತಾಯಿಯೇ ಕ್ಯಾಡಿ. ಒಂದೇ ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು.

ಕೊನೆಗೆ ಮತ್ತೆ ಚೀಲದ ಮಾತು. ಸ್ಪರ್ಧೆಯಲ್ಲಿ ಜೋಡಿಯಾಗಿ ಅಲ್ಲದೆ ಬೇರೆ ಬೇರೆಯಾಗಿ ಆಡುವ ಇಬ್ಬರು ಗೆಳೆಯರು ಒಂದೇ ಸೆಟ್ ಹಂಚಿಕೊಂಡು ಆಡಿದರೂ ದಂಡ. ಹೊಸಬರು ಸಿಕ್ಕಿಬೀಳುವುದು ಇಲ್ಲೇ.

ನಡುವೆ ಹದಿನೈದನೇ ಕ್ಲಬ್ ಕಣ್ಣಿಗೆ ಬಿದ್ದರೆ ವೂಸ್ನಮ್‌ರಂತೆ ಎಸೆಯಬೇಕಿಲ್ಲ. ಇದನ್ನು ಆಟದಿಂದ ಹೊರಗಿಟ್ಟೆ ಎಂದು ಜೊತೆಯವರಿಗೆ ಹೇಳಿ. ಇಲ್ಲವೇ ಮುಂದಿನ ಹೊಡೆತಕ್ಕೆ ಮೊದಲು ಅದನ್ನು ಚೀಲದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ನಿಯಮಕ್ಕೆ ಅಷ್ಟು ಸಾಕು.